ಮಳೆ ನಿಂತ ಮೂರನೇ ದಿನ ದಿಬ್ಬ ಜಾರಿತು, ಯಾಕೆ?

ಹಿಪ್ಪುನೇರಳೆ ತೋಟ

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನಮ್ಮ ಜಮೀನು ಬೆಟ್ಟದ ಬುಡದಲ್ಲಿದೆ, ಚಿಕ್ಕಬಳ್ಳಾಪುರದಿಂದ ಗೌರಿಬಿದನೂರು ಕಡೆ ಹೋಗುವ ದಾರಿ. ಎರಡು ವರ್ಷದ ಹಿಂದೆ ರೇಷ್ಮೆ ಹುಳು ಮನೆ ಕಟ್ಟಲು ಜಾಗ ಸಾಲದೆ ಇಳಿಜಾರನ್ನು ಜೆಸಿಬಿಯಲ್ಲಿ ಕಡಿಸಿದೆ. ಹತ್ತು ಅಡಿ ಎತ್ತರ, ಚಾಕುವಿನಲ್ಲಿ ಕೊಯ್ದ ಹಾಗೆ ನೇರವಾಗಿ ನಿಂತಿತು. ಕೆಂಪು ಗರಸು ಮಣ್ಣು. ಗುದ್ದಲಿ ಹಾಕಿದರೆ ಟಣ್ ಅನ್ನುತ್ತಿತ್ತು. "ಕಲ್ಲಿನ ಹಾಗಿದೆ ಅಣ್ಣ, ಏನೂ ಆಗಲ್ಲ" ಎಂದರು ಎಲ್ಲರೂ. ಆದರೂ ಭಯಕ್ಕೆ ಮುಂದೆ ಸೈಜುಗಲ್ಲಿನ ಗೋಡೆ ಕಟ್ಟಿಸಿ, ಸಂದುಗೊಂದಿಗೆಲ್ಲ ಸಿಮೆಂಟ್ ಮೆತ್ತಿಸಿದೆ.

ಎರಡು ಮಳೆಗಾಲ ಕಳೆಯಿತು. ಈ ಸಲ ಹಸ್ತ ಮಳೆ ನಾಲ್ಕು ದಿನ ಬಿಡದೆ ಹಿಡಿಯಿತು. ಆಮೇಲೆ ಬಿಸಿಲು ಬಂತು. ಬಿಸಿಲು ಬಂದ ಮೂರನೇ ದಿನ ಬೆಳಗಿನ ಜಾವ ಗೋಡೆ ಹೊಟ್ಟೆ ಬಿಟ್ಟುಕೊಂಡು, ಇಪ್ಪತ್ತು ಅಡಿ ಉದ್ದ ಮಗುಚಿ ಬಿತ್ತು. ಹಿಂದಿನ ಮಣ್ಣು ಹುಳು ಮನೆಯ ಕಿಟಕಿ ತನಕ ಬಂದು ನಿಂತಿತು. ಪುಣ್ಯಕ್ಕೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿಯಾಗಿತ್ತು, ಮನೆ ಖಾಲಿ ಇತ್ತು.

ಮಳೆ ಬರುವಾಗ ಬೀಳದ್ದು ಬಿಸಿಲಲ್ಲಿ ಯಾಕೆ ಬಿತ್ತು? ನಮ್ಮದೇನು ಕೊಡಗಾ, ಆಗುಂಬೆಯಾ? ಇಲ್ಲಿ ಮಳೆನೇ ಕಡಿಮೆ ಅಲ್ವಾ?

ಟ್ಯಾಂಕರ್ ಕೋಲಾರ

ಇಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ದಾರಿ ಕಾಯುತ್ತೇವೆ, ನೀವು ಗುಡ್ಡ ಕುಸಿಯಿತು ಅಂತೀರಾ! ಸುಮ್ನೆ ಮೇಸ್ತ್ರಿ ಸಿಮೆಂಟ್ ಉಳಿಸಿರಬೇಕು, ನೋಡಿ.

ನಂದಿ ತಪ್ಪಲು

ನಗಬೇಡಿ ಸರ್. 2021ರ ಆಗಸ್ಟ್ ಕೊನೆಯಲ್ಲಿ ನಂದಿ ಬೆಟ್ಟದ ರಸ್ತೆಗೆ ಏನಾಯಿತು ಅಂತ ಮರೆತಿರಾ? ಒಂದು ರಾತ್ರಿ ಸುರಿದ ಮಳೆಗೆ ಮಣ್ಣು, ಬಂಡೆ, ಮರ ಒಟ್ಟಿಗೆ ಇಳಿದು ರಸ್ತೆಯ ಒಂದು ತುಂಡನ್ನೇ ಹೊತ್ತುಕೊಂಡು ಹೋಯಿತು. ಪ್ರವಾಸಿಗರನ್ನು ಮತ್ತೆ ಬಿಟ್ಟಿದ್ದು ಡಿಸೆಂಬರ್‌ನಲ್ಲಿ. 1,478 ಮೀಟರ್ ಎತ್ತರದ ಕಲ್ಲುಬೆಟ್ಟ ಅದು. ಕಲ್ಲುಬೆಟ್ಟ ಎಲ್ಲಿ ಜಾರುತ್ತೆ ಅಂತ ನಾವೂ ಅಂದುಕೊಂಡಿದ್ದೆವು. ಬಂಡೆಯ ಮೇಲೆ ಕಂಬಳಿ ಹೊದಿಸಿದ ಹಾಗೆ ಮಣ್ಣು ಕೂತಿರುತ್ತದೆ, ಜಾರುವುದು ಆ ಕಂಬಳಿ.

ನಿವೃತ್ತ ಇಂಜಿನಿಯರ್, ತುಮಕೂರು

ತೋಟದವರೇ, ಮೂವತ್ತು ವರ್ಷ ರಸ್ತೆ, ಕೆರೆ ಕೆಲಸ ನೋಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಕಣದಲ್ಲಿ ರಾಗಿ ರಾಶಿ ಮಾಡುವುದನ್ನು ನೋಡಿದ್ದೀರಿ. ಎಷ್ಟೇ ಸುರಿದರೂ ರಾಶಿ ಒಂದು ಮಟ್ಟಕ್ಕಿಂತ ಕಡಿದಾಗುವುದಿಲ್ಲ. ಮೇಲೆ ಹಾಕಿದ್ದು ಪಕ್ಕಕ್ಕೆ ಜಾರಿ ಬುಡ ಅಗಲವಾಗುತ್ತದೆ, ಅಷ್ಟೇ. ಕಾಳಿಗೆ ಕಾಳು ಉಜ್ಜುವ ಬಲ ಅಷ್ಟನ್ನು ಮಾತ್ರ ಹಿಡಿಯುತ್ತದೆ. ಒಣ ಮರಳೂ ಹೀಗೇ. ಸುಮಾರು 30ರಿಂದ 35 ಡಿಗ್ರಿಗೆ ನಿಲ್ಲುತ್ತದೆ. ಹಾಗಿದ್ದರೆ ನಿಮ್ಮ ಗರಸು 90 ಡಿಗ್ರಿಗೆ ಎರಡು ವರ್ಷ ಹೇಗೆ ನಿಂತಿತು?

ಚಿಕ್ಕವರಿದ್ದಾಗ ಮರಳಿನ ರಾಶಿಯಲ್ಲಿ ಪಾದ ಇಟ್ಟು, ಮೇಲೆ ಮರಳು ತಟ್ಟಿ ಗುಬ್ಬಚ್ಚಿ ಗೂಡು ಮಾಡುತ್ತಿದ್ದೆವಲ್ಲ, ನೆನಪಿದೆಯಾ? ಒಣ ಮರಳಲ್ಲಿ ಗೂಡು ಆಗುವುದಿಲ್ಲ. ಹಸಿ ಮರಳಲ್ಲಿ ಆಗುತ್ತದೆ. ಅದೇ ಗೂಡಿನ ಮೇಲೆ ಒಂದು ಚೊಂಬು ನೀರು ಹುಯ್ದರೆ ಕೂತುಬಿಡುತ್ತದೆ. ಕಣಗಳ ನಡುವೆ ತೆಳ್ಳಗೆ ನೀರಿದ್ದಾಗ ಅದೇ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ನೀರು ತುಂಬಿ ಗಾಳಿಗೆ ಜಾಗವೇ ಇಲ್ಲ ಅಂದಾಗ ಆ ಎಳೆತ ಹೋಗುತ್ತದೆ. ಅಷ್ಟೇ ಅಲ್ಲ, ಒಳಗಿನ ನೀರು ಕಣಗಳನ್ನು ಬೇರೆ ಬೇರೆ ತಳ್ಳಲು ಶುರು ಮಾಡುತ್ತದೆ. ಇದನ್ನೇ ನಾವು ಪೋರ್ ಪ್ರೆಷರ್ ಅನ್ನುವುದು. ಕಣಗಳು ಒತ್ತಿ ಕೂರದಿದ್ದರೆ ಉಜ್ಜುವ ಬಲ ಎಲ್ಲಿಂದ ಬರಬೇಕು?

ಲೆಕ್ಕದಲ್ಲಿ ಹೇಳುವುದಾದರೆ, ಒಣಗಿದ್ದಾಗ 32 ಡಿಗ್ರಿಗೆ ನಿಲ್ಲುವ ಮರಳು, ಒಳಗೆ ಪೂರ್ತಿ ನೀರು ತುಂಬಿ ಇಳಿಜಾರಿನುದ್ದಕ್ಕೂ ಹರಿಯುತ್ತಿದ್ದರೆ 17 ಡಿಗ್ರಿ ಆಸುಪಾಸಿಗೆ ಮಾತ್ರ ನಿಲ್ಲುತ್ತದೆ. ಹೆಚ್ಚುಕಡಿಮೆ ಅರ್ಧ. ಇದರ ಜೊತೆಗೆ ಮಣ್ಣಿನ ತೂಕವೂ ಏರುತ್ತದೆ. ಒಂದು ಘನ ಮೀಟರ್ ಒಣ ಮಣ್ಣು 1.6 ಟನ್ ಇದ್ದರೆ, ನೀರು ಕುಡಿದ ಮೇಲೆ ಎರಡು ಟನ್ ಹತ್ತಿರ ಬರುತ್ತದೆ.

ನಿಮ್ಮ ಕೆಂಪು ಮಣ್ಣಲ್ಲಿ ಜೇಡಿ ಅಂಶವೂ ಇದೆ, ಕಬ್ಬಿಣದ ಅಂಶವೂ ಇದೆ. ಆ ಅಂಟು ಮತ್ತು ಒಣಗಿದ ಎಳೆತ ಸೇರಿ ಗುದ್ದಲಿಗೆ ಟಣ್ ಅಂದಿದ್ದು. ಬೇಸಿಗೆಯಲ್ಲಿ ಕಡಿಸಿದವರಿಗೆಲ್ಲ ಅದು ಕಲ್ಲಿನ ಹಾಗೇ ಕಾಣುತ್ತದೆ. ನನ್ನನ್ನು ಕೇಳಿದರೆ, ಆ ಗಟ್ಟಿತನ ಕೈಸಾಲ ಇದ್ದ ಹಾಗೆ. ಮಳೆಗಾಲ ಬಂದು ವಾಪಸ್ ಕೇಳುತ್ತದೆ.

ಬಾಗೇಪಲ್ಲಿ ಅಕ್ಕ

ಬಿಸಿಲಲ್ಲಿ ಬಿದ್ದಿದ್ದು ನನಗೇನೂ ಆಶ್ಚರ್ಯ ಅನಿಸಲಿಲ್ಲ. ನಮ್ಮೂರಲ್ಲಿ ಮಣ್ಣಿನ ಗೋಡೆ ಮನೆಗಳು ಜಾಸ್ತಿ ಇದ್ದ ಕಾಲದಲ್ಲಿ ನಮ್ಮಜ್ಜಿ ಮಳೆ ಹುಯ್ಯುವಾಗ ಒಳಗೆ ಮಲಗಿಸುತ್ತಿದ್ದರು. ಮಳೆ ಬಿಟ್ಟು ಬಿಸಿಲು ಬಂದ ದಿನ ಮಾತ್ರ ಮಕ್ಕಳನ್ನು ಹಳೇ ಗೋಡೆ ಹತ್ತಿರ ಬಿಡುತ್ತಿರಲಿಲ್ಲ. ಎರಡು ಮನೆ ಹಾಗೆ ಬಿದ್ದಿದ್ದನ್ನು ನಾನೇ ಕಂಡಿದ್ದೇನೆ. ಎರಡೂ ಮಳೆ ನಿಂತ ಮೇಲೆ.

ನಿವೃತ್ತ ಇಂಜಿನಿಯರ್, ತುಮಕೂರು

ಅಕ್ಕಾವರು ಸರಿಯಾಗಿ ಹೇಳಿದರು. ಮಳೆ ನಿಲ್ಲುವ ಹೊತ್ತಿಗೆ ನೀರಿನ ಪ್ರಯಾಣ ಇನ್ನೂ ಮುಗಿದಿರುವುದಿಲ್ಲ. ಮರಳಿನಲ್ಲಿ ಗಂಟೆಗಳಲ್ಲಿ ಇಳಿಯುವ ನೀರು ಜೇಡಿಯಲ್ಲಿ ದಿನಗಟ್ಟಲೆ, ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಅದಕ್ಕೇ ಮಳೆ ಎಷ್ಟು ಬಿತ್ತು ಅನ್ನುವುದರ ಜೊತೆಗೆ ಹೇಗೆ ಬಿತ್ತು ಅಂತಲೂ ಕೇಳಬೇಕು. ಒಂದು ಗಂಟೆ ಬಿರುಮಳೆ ಗಟ್ಟಿ ನೆಲದ ಮೇಲೆ ಬಹುಪಾಲು ಹರಿದೇ ಹೋಗುತ್ತದೆ, ಮೇಲ್ಮಣ್ಣು ಕೊಚ್ಚುತ್ತದೆ. ನಾಲ್ಕು ದಿನದ ಜಡಿ ಮಳೆ ಮೆತ್ತಗೆ ಒಳಗೆ ಇಳಿಯುತ್ತದೆ.

ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳಲ್ಲಿ ವರ್ಷದ ಮಳೆ ಸುಮಾರು 600–750 ಮಿ.ಮೀ. ಆಗುಂಬೆಯಲ್ಲಿ ಹೆಚ್ಚುಕಡಿಮೆ ಅದರ ಹತ್ತು ಪಟ್ಟು. ಆದರೆ ನಮ್ಮ ಮಳೆ ವರ್ಷವಿಡೀ ಹಂಚಿಕೊಂಡು ಬರುವುದಿಲ್ಲ, ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆಯಲ್ಲಿ ಒಟ್ಟಿಗೆ ಬಂದುಬಿಡುತ್ತದೆ. ಒಂದು ಎಕರೆ ಮೇಲೆ 100 ಮಿ.ಮೀ. ಬಿದ್ದರೆ ನಾಲ್ಕು ಲಕ್ಷ ಲೀಟರ್. ಟ್ಯಾಂಕರ್ ಕೋಲಾರದವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, 5,000 ಲೀಟರ್‌ನ 80 ಟ್ಯಾಂಕರ್.

ಈಗ ನನ್ನ ಪ್ರಶ್ನೆ. ಬಿದ್ದ ಜಾಗದಲ್ಲಿ ಕೆಂಪು ಮಣ್ಣಿನ ಕೆಳಗೆ ಏನು ಕಾಣುತ್ತಿದೆ? ಗೋಡೆಯಲ್ಲಿ ನೀರು ಹೋಗಲು ತೂತು ಬಿಟ್ಟಿದ್ದಿರಾ?

ಟ್ಯಾಂಕರ್ ಕೋಲಾರ

80 ಟ್ಯಾಂಕರಾ! ಸರಿ ಸರ್, ಬಾಯಿ ಮುಚ್ಚಿದೆ.

ಹಿಪ್ಪುನೇರಳೆ ತೋಟ

ತೂತು ಬಿಟ್ಟಿಲ್ಲ ಸರ್. ಚೆನ್ನಾಗಿ ಕಾಣಲಿ ಅಂತ ಪೂರ್ತಿ ಪ್ಲಾಸ್ಟರ್ ಮಾಡಿಸಿದ್ದೆ.

ಈಗ ಹೋಗಿ ನೋಡಿ ಬಂದೆ. ಮೇಲೆ ಐದಾರು ಅಡಿ ಕೆಂಪು ಗರಸು. ಅದರ ಕೆಳಗೆ ಬಿಳಿ ಹಳದಿ ಬಣ್ಣದ ಮೆತ್ತನೆ ಮಣ್ಣು. ಬೆರಳಲ್ಲಿ ಉಜ್ಜಿದರೆ ಸೋಪಿನ ಹಾಗೆ ಜಾರುತ್ತದೆ. ಅಲ್ಲಲ್ಲಿ ಕಲ್ಲಿನ ಗೆರೆ ಹಾಗೇ ಉಳಿದಿದೆ, ಆದರೆ ಉಗುರಲ್ಲಿ ಕೆರೆದರೆ ಉದುರುತ್ತದೆ. ಮಣ್ಣು ಜಾರಿರುವುದು ಸರಿಯಾಗಿ ಆ ಎರಡರ ಮಧ್ಯೆ. ಅಲ್ಲಿ ಈಗಲೂ ಒದ್ದೆ ಇದೆ.

ನಿವೃತ್ತ ಇಂಜಿನಿಯರ್, ತುಮಕೂರು

ಅಲ್ಲೇ ಇದೆ ಕಳ್ಳ.

ಗ್ರಾನೈಟ್‌ನಲ್ಲಿ ಬಿಳಿ, ಗುಲಾಬಿ ಬಣ್ಣದ ಹರಳು ಕಾಣುತ್ತದಲ್ಲ, ಅದು ಫೆಲ್ಡ್‌ಸ್ಪಾರ್. ಸಾವಿರಾರು ವರ್ಷ ನೀರು ತಾಗಿ ತಾಗಿ ಅದು ಬಿಳಿ ಜೇಡಿಯಾಗುತ್ತದೆ. ಸ್ಫಟಿಕದ ಹರಳು ಮಾತ್ರ ಕರಗದೆ ಮರಳಾಗಿ ಉಳಿಯುತ್ತದೆ. ಹೀಗಾಗಿ ನಮ್ಮ ಬೆಟ್ಟಗಳ ಬುಡದಲ್ಲಿ ಮೇಲೆ ನೀರು ಸಲೀಸಾಗಿ ಇಳಿಯುವ ಗರಸು, ಕೆಳಗೆ ನೀರು ಬಿಡದ ಜೇಡಿ, ಅದರ ಕೆಳಗೆ ಬಂಡೆ ಸಿಗುವುದು ಮಾಮೂಲು. ಮೇಲಿಂದ ಇಳಿದ ನೀರು ಜೇಡಿಯ ತಲೆ ಮೇಲೆ ನಿಂತು, ಇಳಿಜಾರು ಹಿಡಿದು ಪಕ್ಕಕ್ಕೆ ಹರಿಯುತ್ತದೆ. ಆ ಸಂದಿನಲ್ಲೇ ಜಾರುವುದು. ಬರೀ ಗರಸಾಗಿದ್ದರೆ ನೀರು ಇಳಿದು ಹೋಗುತ್ತಿತ್ತು. ಎರಡು ಸೇರಿದ್ದೇ ತೊಂದರೆ.

ಗೋಡೆ ವಿಚಾರಕ್ಕೆ ಬನ್ನಿ. ಹತ್ತು ಅಡಿ ಗೋಡೆಯ ಹಿಂದೆ ಒಣ ಮಣ್ಣಿದ್ದರೆ, ಗೋಡೆಯ ಒಂದೊಂದು ಮೀಟರ್ ಉದ್ದಕ್ಕೆ ಅದು ತಳ್ಳುವುದು ಸುಮಾರು ಎರಡೂವರೆ ಟನ್. ಹಿಂದೆ ಗೋಡೆಯ ತಲೆ ತನಕ ನೀರು ತುಂಬಿದರೆ ಅದು ಆರು ಟನ್ ಹತ್ತಿರ ಹೋಗುತ್ತದೆ, ಅದರಲ್ಲಿ ನಾಲ್ಕೂವರೆ ನೀರಿನ ಪಾಲೇ. ನೀವು ಕಟ್ಟಿಸಿದ್ದು ಮಣ್ಣು ತಡೆಯುವ ಗೋಡೆ. ಸಂದುಗೊಂದಿ ಮುಚ್ಚಿಸಿ ಅದರ ಹಿಂದೆ ತೊಟ್ಟಿ ಮಾಡಿದಿರಿ. ಸಿಮೆಂಟ್ ಮೆತ್ತದೆ ಬಿಟ್ಟಿದ್ದರೆ ಇನ್ನೊಂದಷ್ಟು ವರ್ಷ ನಿಲ್ಲುತ್ತಿತ್ತೇನೋ.

ಜೆಸಿಬಿ ಓಡಿಸೋನು

ಎಲ್ಲರೂ ಕಡಿದವರನ್ನು ಬೈತೀರಿ ಅಂತ ಗೊತ್ತು, ಅದಕ್ಕೇ ಬಂದೆ. ಅಣ್ಣ, ನಾವು "ಓರೆಯಾಗಿ ಕಡಿಯೋಣ, ಇಲ್ಲಾಂದ್ರೆ ಮಧ್ಯದಲ್ಲಿ ಒಂದು ಮೆಟ್ಟಿಲು ಬಿಡೋಣ" ಅಂದರೆ ಯಾವ ಪಾರ್ಟಿ ಒಪ್ತಾರೆ? "ಹತ್ತಡಿ ಜಾಗ ವೇಸ್ಟ್ ಆಗುತ್ತೆ, ನೇರ ಕಡಿ" ಅಂತಾರೆ. ಗಂಟೆ ಲೆಕ್ಕದ ಕೆಲಸ, ನಾವೇನು ಮಾಡೋಣ?

ಒಂದು ಮಾತ್ರ ನೋಡಿದ್ದೀನಿ. ಬೀಳೋ ಮುಂಚೆ ಮಣ್ಣು ಹೇಳುತ್ತೆ. ಕಡಿದ ಅಂಚಿನಿಂದ ನಾಲ್ಕೈದು ಅಡಿ ಹಿಂದೆ ನೆಲದ ಮೇಲೆ ಬಿಲ್ಲಿನ ಆಕಾರದಲ್ಲಿ ಬಿರುಕು ಬರುತ್ತೆ. ಬಿರುಕಿನ ಈಚೆ ಕಡೆ ಒಂದಿಂಚು ತಗ್ಗಿದ್ರೆ ನಾನು ಗಾಡಿ ಕೆಳಗೆ ಇಡಲ್ಲ.

ಹಿಪ್ಪುನೇರಳೆ ತೋಟ

ಬೇಲಿ ಕಂಬ ಒಂದು ವಾಲಿತ್ತು. ಹಸು ಉಜ್ಜಿರಬೇಕು ಅಂದುಕೊಂಡೆ.

ಕೆಜಿಎಫ್ ಹುಡುಗ

ನಮ್ಮ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಇದೆಲ್ಲ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಚಿನ್ನ ತೆಗೆಯಲು ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಉಳಿದದ್ದನ್ನು ಸುರಿದ ರಾಶಿಗಳು. ಗಣಿ ಮುಚ್ಚಿದ್ದು 2001ರಲ್ಲಿ, ದಿಬ್ಬ ಇನ್ನೂ ಹಾಗೇ ಇವೆ. ಅರೆದ ಕಲ್ಲಿನ ಹಿಟ್ಟಿನಲ್ಲಿ ಅಂಟು ಕಡಿಮೆ. ಮಳೆ ಬಂದಾಗ ಮೈ ತುಂಬ ಬೆರಳಲ್ಲಿ ಪರಚಿದ ಹಾಗೆ ಕೊರಕಲು ಬೀಳುತ್ತದೆ, ಬೇಸಿಗೆಯಲ್ಲಿ ಗಾಳಿಗೆ ಧೂಳು ಎದ್ದು ಮನೆಯೊಳಗೆ ಬರುತ್ತದೆ. ಇದು ಕೊಚ್ಚಿಹೋಗುವುದು. ತೋಟದ ಸರ್‌ದು ಒಟ್ಟಿಗೆ ಜಾರಿದ್ದು. ಎರಡೂ ಬೇರೆ ಬೇರೆ ಕಾಯಿಲೆ, ಒಂದೇ ಔಷಧಿ ಕೊಡಬೇಡಿ ಅಂತ ಹೇಳೋಕೆ ಬರೆದೆ.

ನಂದಿ ತಪ್ಪಲು

ಔಷಧಿ ಅಂದರಲ್ಲ, ಲಾವಂಚ ನೆಟ್ಟರೆ ಹೇಗೆ? ಬೇರು ಆಳಕ್ಕೆ ಹೋಗುತ್ತದೆ ಅಂತಾರೆ.

ನಿವೃತ್ತ ಇಂಜಿನಿಯರ್, ತುಮಕೂರು

ಲಾವಂಚ ಒಳ್ಳೆಯದೇ. ಬೇರು ಎರಡು ಮೂರು ಮೀಟರ್ ಇಳಿಯುತ್ತದೆ. ಓರೆ ಇರುವ ದಿಬ್ಬಕ್ಕೆ ಸಾಲು ಸಾಲಾಗಿ ನೆಡಿ. ನೇರ ಕಡಿದ ಹತ್ತು ಅಡಿಗೆ ನೆಟ್ಟು ನೆಮ್ಮದಿಯಾಗಿ ಮಲಗುವುದು ಬೇಡ. ಗಿಡ ಬೇರು ಬಿಡುವ ಮುಂಚೆ ಮಳೆಗಾಲ ಬರುತ್ತದೆ. ಅಂದಹಾಗೆ, ಮೇಲಿನ ಇಳಿಜಾರಿನಲ್ಲಿ ನೀಲಗಿರಿ ಇತ್ತಾ? ಕಡಿಸಿದ್ದೀರಾ?

ಹಿಪ್ಪುನೇರಳೆ ತೋಟ

ಇತ್ತು. ಮೂರು ವರ್ಷದ ಹಿಂದೆ ಕಡಿಸಿದೆವು. ಅಂತರ್ಜಲ ಹೀರುತ್ತೆ ಅಂತ ಎಲ್ಲರೂ ತೆಗೆಸುತ್ತಿದ್ದರು.

ನಿವೃತ್ತ ಇಂಜಿನಿಯರ್, ತುಮಕೂರು

ತೆಗೆಸಿದ್ದಕ್ಕೆ ತಪ್ಪು ಹೇಳುವುದಿಲ್ಲ. ಆದರೆ ಮರ ನೀರು ಹೀರಿ ಮಣ್ಣನ್ನು ಒಣಗಿಸಿ ಇಡುತ್ತಿತ್ತು, ಅದು ನಿಂತಿತು. ಬೇರು ಮಾತ್ರ ಕೂಡಲೇ ಹೋಗುವುದಿಲ್ಲ, ಎರಡು ಮೂರು ವರ್ಷದಲ್ಲಿ ಕೊಳೆತು ಹಿಡಿತ ಸಡಿಲವಾಗುತ್ತದೆ. ಕೊಳೆತ ಬೇರಿನ ಜಾಗ ನೀರಿಗೆ ಪೈಪು. ಮೊದಲ ಎರಡು ಮಳೆಗಾಲ ಏನೂ ಆಗದೆ ಈ ಸಲ ಆಗಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಬರೀ ಮಳೆ ನೀರಾಗಿದ್ದರೆ ಇಷ್ಟು ಹೊತ್ತಿಗೆ ಒದ್ದೆ ಆರಬೇಕಿತ್ತು. ಮೇಲೆ ಎಲ್ಲಾದರೂ ನೀರು ನಿಲ್ಲುತ್ತಿದೆಯಾ?

ಹಿಪ್ಪುನೇರಳೆ ತೋಟ

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಮೇಲೆ ನಲವತ್ತು ಅಡಿ ದೂರದಲ್ಲಿ ನಮ್ಮ ದೊಡ್ಡಪ್ಪನ ಮಗನ ಕೃಷಿ ಹೊಂಡ ಇದೆ. 21 ಮೀಟರ್ ಚೌಕ, 3 ಮೀಟರ್ ಆಳ. ಹಾಸಿರುವ ಪ್ಲಾಸ್ಟಿಕ್ ಶೀಟು ಹೋದ ಬೇಸಿಗೆಯಲ್ಲೇ ಹರಿದಿತ್ತು. ಈ ಮಳೆಗೆ ತುಂಬಿತ್ತು. ಈಗ ನೋಡಿದರೆ ಒಂದು ವಾರದಲ್ಲಿ ಒಂದು ಅಡಿ ಇಳಿದಿದೆ. ಬಿಸಿಲಿಗೆ ಆರಿದೆ ಅಂತಾನೆ ಅಣ್ಣ.

ಏರಿ ಮೇಲಿನವ, ಶಿರಾ

ಬಿಸಿಲಿಗೆ ಅಷ್ಟು ಹೋಗಲ್ಲ ಸರ್. ಈ ತಿಂಗಳಲ್ಲಿ ದಿನಕ್ಕೆ ನಾಲ್ಕೈದು ಮಿ.ಮೀ. ಆವಿಯಾದರೆ ಹೆಚ್ಚು. ವಾರಕ್ಕೆ ಒಂದೂವರೆ ಇಂಚು ಅಂದುಕೊಳ್ಳಿ. ಉಳಿದ ಹತ್ತು ಇಂಚು ನೆಲದೊಳಗೇ ಹೋಗಿದೆ. ಅಣ್ಣ ಪಂಪು ಇಟ್ಟಿಲ್ಲ ತಾನೇ?

ಹಿಪ್ಪುನೇರಳೆ ತೋಟ

ಇಲ್ಲ. ಮಳೆ ಬಂದಿದೆಯಲ್ಲ, ತೋಟಕ್ಕೆ ನೀರೇ ಬೇಡವಾಗಿತ್ತು.

ನಿವೃತ್ತ ಇಂಜಿನಿಯರ್, ತುಮಕೂರು

ಹಾಗಿದ್ದರೆ ಲಕ್ಷ ಲೀಟರಿಗೂ ಜಾಸ್ತಿ, ಇಪ್ಪತ್ತಕ್ಕೂ ಹೆಚ್ಚು ಟ್ಯಾಂಕರ್ ನೀರು ಒಂದು ವಾರದಲ್ಲಿ ಆ ಗರಸಿನೊಳಗೆ ಇಳಿದಿದೆ. ಎಲ್ಲವೂ ನಿಮ್ಮ ಗೋಡೆ ಹಿಂದೆಯೇ ಬಂತು ಅಂತಲ್ಲ. ಅದರ ಕಾಲುಭಾಗ ಬಂದಿದ್ದರೂ ಸಾಕು. ಬಿಸಿಲು ಬಂದ ಮೇಲೂ ನಿಮ್ಮ ದಿಬ್ಬಕ್ಕೆ ಮಳೆ ನಿಂತಿರಲಿಲ್ಲ, ಅಷ್ಟೇ.

ಕೃಷಿ ಹೊಂಡದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಸೀಮೆಗೆ ಬೇಕೇ ಬೇಕು. ಕಡಿದ ದಿಬ್ಬದ ತಲೆ ಮೇಲೆ, ಹರಿದ ಶೀಟಿನಲ್ಲಿ ಬೇಡ ಅಂತ ಮಾತ್ರ.

ಬಾಗೇಪಲ್ಲಿ ಅಕ್ಕ

ಜಗಳಕ್ಕೆ ಹೋಗಬೇಡಪ್ಪ. ಅಣ್ಣನನ್ನು ಕರೆದು ಒದ್ದೆ ಜಾಗ ತೋರಿಸು. ಇನ್ನೂ ಚಿತ್ತೆ ಇದೆ, ಸ್ವಾತಿ ಇದೆ. 2021ರಲ್ಲಿ ನವೆಂಬರ್‌ನಲ್ಲೂ ಹುಯ್ದು ಎಷ್ಟು ಕೆರೆ ಕೋಡಿ ಬಿದ್ದವು ಅಂತ ಅವರಿಗೂ ನೆನಪಿರುತ್ತದೆ. ಅಲ್ಲೀವರೆಗೆ ಆ ಹುಳು ಮನೆಯಲ್ಲಿ ಯಾರೂ ಮಲಗಬೇಡಿ. ಹುಳುವಿಗೆ ಸೊಪ್ಪು ಹಾಕಲು ರಾತ್ರಿ ಇರುತ್ತೀರಲ್ಲ, ಅದಕ್ಕೇ ಹೇಳಿದೆ.

ಹಿಪ್ಪುನೇರಳೆ ತೋಟ

ಎರಡು ದಿನ ಆಯಿತು, ಸುದ್ದಿ ಹೇಳುತ್ತೇನೆ. ಅಕ್ಕ ಹೇಳಿದ ಹಾಗೆ ಅಣ್ಣನನ್ನು ಕರೆದೆ. ಮೊದಲು ಮುಖ ಗಂಟು ಹಾಕಿಕೊಂಡು ಬಂದ. ಬೀಳದೆ ಉಳಿದ ಗೋಡೆಯಲ್ಲಿ, ಬುಡದಿಂದ ಒಂದು ಅಡಿ ಮೇಲೆ, ಡ್ರಿಲ್ಲಿಂಗ್ ಮಷಿನ್‌ನಲ್ಲಿ ತೂತು ಹಾಕಿಸಿದೆ. ಮೂರನೇ ತೂತಿಗೆ ಹಳದಿ ನೀರು ಚಿಮ್ಮಿ ಆಪರೇಟರ್ ಅಂಗಿ ಒದ್ದೆಯಾಯಿತು. ಅಣ್ಣ ಏನೂ ಮಾತಾಡಲಿಲ್ಲ. ಸಂಜೆ ತಾನೇ ಫೋನ್ ಮಾಡಿ "ನಾಳೆ ಎರಡು ಡೀಸೆಲ್ ಪಂಪ್ ತರಿಸಿ ಹೊಂಡ ಒಂದೇ ದಿನಕ್ಕೆ ಖಾಲಿ ಮಾಡಿಬಿಡೋಣ" ಅಂದ.

ಏರಿ ಮೇಲಿನವ, ಶಿರಾ

ಅಯ್ಯೋ, ಬೇಡ! ದಯವಿಟ್ಟು ಒಂದೇ ದಿನಕ್ಕೆ ಬೇಡ.

ಕೆರೆ ಏರಿ ಕೆಲಸದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಕಡೆ ಒಂದು ಕೆರೆಗೆ ಎಷ್ಟೋ ವರ್ಷದ ಮೇಲೆ ನೀರು ಬಂತು. ತೂಬಿನ ರಿಪೇರಿಗೆ ಅಂತ ಪಂಪ್ ಇಟ್ಟು ನೀರನ್ನು ಸರಸರ ಇಳಿಸಿದರು. ಏರಿಯ ಒಳಮೈ ಕಲ್ಲು ಹೊದಿಕೆ ಸಮೇತ ಜಾರಿ ಕೆರೆಗೆ ಬಿತ್ತು. ನೀರು ತುಂಬಿದ್ದಾಗ ಅದೇ ಏರಿಯನ್ನು ಹೊರಗಿನಿಂದ ಒತ್ತಿ ಹಿಡಿದಿರುತ್ತದೆ. ಹೊರಗಿನ ನೀರು ಒಂದು ದಿನಕ್ಕೆ ಹೋದರೂ ಮಣ್ಣಿನೊಳಗಿನ ನೀರು ಅಷ್ಟು ಬೇಗ ಹೋಗುವುದಿಲ್ಲ. ಆಸರೆ ಹೋಯಿತು, ಭಾರ ಉಳಿಯಿತು. ನಿಮ್ಮ ಹೊಂಡದ ಕೆಳಬದಿ ಕುಸಿದರೆ ನೀರು, ಕೆಸರು ಎಲ್ಲ ನಿಮ್ಮ ಹುಳು ಮನೆ ಮೇಲೇ ಬರುವುದು.

ದಿನಕ್ಕೆ ಒಂದು ಗೇಣು ಇಳಿಸಿ. ನೀರನ್ನು ದಿಬ್ಬದ ಕಡೆ ಬಿಡಬೇಡಿ, ಆಚೆ ಬದಿಯ ಹಳ್ಳಕ್ಕೆ ಪೈಪ್ ಎಳೆಯಿರಿ.

ನಿವೃತ್ತ ಇಂಜಿನಿಯರ್, ತುಮಕೂರು

ಏರಿಯವರ ಮಾತು ನೂರಕ್ಕೆ ನೂರು ಸರಿ. ನಾನು ಹೇಳಬೇಕೆಂದಿದ್ದೂ ಅದೇ.

ಹೊಸ ಗೋಡೆಗೆ ಅವಸರ ಬೇಡ. ಮೊದಲು ಕಡಿದ ಅಂಚಿನ ಮೇಲೆ, ಆರೇಳು ಅಡಿ ಹಿಂದೆ, ಅಡ್ಡಕ್ಕೆ ಒಂದು ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಕಾಲುವೆಗೆ ಕಲ್ಲು, ಗಾರೆ ಹಾಕಿಸಿ, ಇಲ್ಲದಿದ್ದರೆ ಅದೇ ಇಂಗುಗುಂಡಿ ಆಗುತ್ತದೆ. ಹುಳು ಮನೆಯ ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದ ಹಾಗೆ ನೋಡಿಕೊಳ್ಳಿ. ಆಮೇಲೆ ಮೇಲಿನ ಐದು ಅಡಿಯನ್ನು ಓರೆಯಾಗಿ ತೆಗೆಸಿ, ಮಧ್ಯೆ ಮೆಟ್ಟಿಲು ಬಿಡಿ. ಗೋಡೆ ಕೆಳಗಿನ ಐದು ಅಡಿಗೆ ಸಾಕು. ಹಿಂದೆ ಒಂದು ಅಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ಮಧ್ಯೆ ದಪ್ಪ ಕಾಳಿನ ಮರಳು, ಗೋಡೆಯಲ್ಲಿ ಐದೈದು ಅಡಿಗೆ ಒಂದು ಪೈಪು. ಪೈಪಿನ ಒಳಬಾಯಿಗೆ ಜಾಲರಿ ಕಟ್ಟಿಸಿ. ಮಣ್ಣು ಬರಬಾರದು, ನೀರು ಬರಬೇಕು. ಕೆಲಸ ಶುರು ಮಾಡುವ ಮುಂಚೆ ಹತ್ತಿರದ ಯಾರಾದರೂ ಮಣ್ಣಿನ ಇಂಜಿನಿಯರ್‌ಗೆ ಜಾಗ ತೋರಿಸಿ. ನಾನು ಫೋಟೋ ಕೂಡ ನೋಡಿಲ್ಲ, ನೀವು ಬರೆದಿದ್ದನ್ನು ನಂಬಿ ಹೇಳುತ್ತಿದ್ದೇನೆ.

ಜೆಸಿಬಿ ಓಡಿಸೋನು

ಓರೆ ಕಡಿಯೋ ಕೆಲಸ ಇದ್ರೆ ಹೇಳಿ ಅಣ್ಣ. ಆದರೆ ಮಣ್ಣು ಒಣಗಲಿ, ಸಂಕ್ರಾಂತಿ ಆದಮೇಲೆ ಬರ್ತೀನಿ. ಈಗ ಅದರ ಮೇಲೆ ಗಾಡಿ ಹತ್ತಿಸಲ್ಲ.

ಹಿಪ್ಪುನೇರಳೆ ತೋಟ

ಸರಿ, ಸಂಕ್ರಾಂತಿ ಆದಮೇಲೆ ಬನ್ನಿ. ಡೀಸೆಲ್ ಪಂಪ್ ಬೇಡ ಅಂತ ಅಣ್ಣನಿಗೆ ಹೇಳಿದೆ. ಈಗ ಒಂದು ಚಿಕ್ಕ ಮೋಟಾರ್ ಇಟ್ಟು ಆಚೆ ಹಳ್ಳಕ್ಕೆ ಬಿಡುತ್ತಿದ್ದೇವೆ. ಹೊಂಡದ ಅಂಚಿನಲ್ಲಿ ಒಂದು ಕೋಲು ನೆಟ್ಟು, ಗೇಣಿಗೊಂದು ಸುಣ್ಣದ ಗೆರೆ ಎಳೆದಿದ್ದೇವೆ. ಇವತ್ತು ಎರಡನೇ ಗೆರೆ. ತೂತಿನಲ್ಲಿ ನೀರು ನಿನ್ನೆಗಿಂತ ಸಣ್ಣಗೆ ಬರುತ್ತಿದೆ, ಬಣ್ಣವೂ ತಿಳಿಯಾಗಿದೆ.